ಮೌಶಿಯ ಎರಡು ಹೆಸರು

ಮೌಶಿ, ಅಂದರೆ ಅವ್ವನ ತಂಗಿ, ಮದುವೆಯಾದ ದಿನ ಹೆಸರು ಬದಲಿಸಿಕೊಂಡಳು. ನಮ್ಮ ಕಡೆ ಹಾಗೇ. ತಾಟಿನಲ್ಲಿ ಹರಡಿದ ಅಕ್ಕಿಯಲ್ಲಿ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಸೊಲ್ಲಾಪುರದಲ್ಲಿ ಅವಳಿಗೆ ಒಂದು ಹೆಸರು, ತವರಾದ ಮೈಂದರ್ಗಿಯಲ್ಲಿ ಇನ್ನೊಂದು. ಎರಡಕ್ಕೂ ಓಗೊಡುತ್ತಿದ್ದಳು.

ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಅವಳು ತವರಿನಲ್ಲಿದ್ದಳು. ಅವಳ ಅಣ್ಣ, ಅಂದರೆ ನನ್ನ ಮಾಮಾ, ಅವಳನ್ನು ಅಕ್ಕಲಕೋಟ ಕಡೆಯ ಒಂದು ಸರಕಾರಿ ದವಾಖಾನೆಗೆ ಕರೆದೊಯ್ದ. ಕೌಂಟರಿನಲ್ಲಿ, ಚಿಕ್ಕಂದಿನಿಂದ ತಾನು ಕರೆದ ಹೆಸರನ್ನೇ ಹೇಳಿದ, ತನ್ನ ಮೊಬೈಲ್ ನಂಬರನ್ನೇ ಕೊಟ್ಟ. ಗಂಟಿನ ತುಣುಕು ತೆಗೆದು ತಪಾಸಣೆಗೆ ಕಳಿಸಿದರು.

"ಕಾಗದ ಹೊತ್ತು ತಿರುಗೂದು ಮುಗೀತ್ರಿ ಬಾಯಿ. ಈಗ ಎಲ್ಲಾ ದವಾಖಾನಿಗೂ ಒಂದ ಸಿಸ್ಟೀಮ್. ರಿಪೋರ್ಟ್ ಸೊಲ್ಲಾಪುರದಾಗ ಕಾಣತದ," ಎಂದನಂತೆ ಅಲ್ಲಿಯ ಕ್ಲಾರ್ಕ.

ಕೇಳಿ ನನಗೂ ಸಮಾಧಾನವಾಗಿತ್ತು. ಅಥವಾ ಸಮಾಧಾನವಾಗಿತ್ತೆಂದು ಈಗ ಅನಿಸುತ್ತಿದೆಯೋ, ಗೊತ್ತಿಲ್ಲ.

ಗಂಡನ ಮನೆಗೆ ಮರಳಿದ ಮೇಲೆ ಸೊಲ್ಲಾಪುರದ ದವಾಖಾನೆಗೆ ನಾನೂ ಜೊತೆಗೆ ಹೋದೆ. ಮೌಶಿ ಆಧಾರ್ ಕಾರ್ಡ್ ಕೊಟ್ಟಳು. ಅದರಲ್ಲಿದ್ದದ್ದು ಗಂಡನ ಮನೆಯ ಹೆಸರು. ಕಂಪ್ಯೂಟರಿನಲ್ಲಿ ಆ ಹೆಸರಿಗೆ ಯಾವ ತಪಾಸಣೆಯೂ ಇರಲಿಲ್ಲ. ತವರಿನ ಹೆಸರು ಹೇಳಿದೆವು. ಕೌಂಟರಿನ ಹೆಣ್ಣುಮಗಳು ಹುಡುಕಿದಳು, ಸಿಕ್ಕಿತು.

"ಕಾಣಾಕತ್ತದ್ರಿ ಅಕ್ಕಾ. ಆದ್ರ ಇವರದ ಅಂತ ಹೆಂಗ ಹೇಳ್ಲಿ? ಇನ್ನೊಬ್ಬರದು ತೆಗದ್ರ ನನ್ನ ನೌಕರಿ ಹೋಗ್ತದ."

ಎರಡು ಹೆಸರು ಒಬ್ಬಳದೇ ಎಂದು ಮೊದಲಿನ ದವಾಖಾನೆ ಒಪ್ಪಬೇಕಂತೆ. ಆಕೆ ಅಲ್ಲಿಗೆ ವಿನಂತಿ ಕಳಿಸಿದಳು.

"ನೋಡ, ಮೈಂದರ್ಗಿಯಾಕಿಗೆ ರೋಗ ಅದ, ಸೊಲ್ಲಾಪುರದಾಕಿಗೆ ಇಲ್ಲ," ಎಂದಳು ಮೌಶಿ. "ಹಂಗಾರ ನಾ ಇಲ್ಲೇ ಇರ್ತೀನಿ."

ಕೌಂಟರಿನಾಕೆಯೂ ನಕ್ಕಳು.

ಮಾಮಾ ಕಾಗದದ ನಕಲು ಕೇಳಲು ಅಕ್ಕಲಕೋಟ ಕಡೆ ಹೋದ. ವಿನಂತಿ ಬಂದಿರುವುದರಿಂದ ಅದು ಇತ್ಯರ್ಥವಾಗುವ ತನಕ ದಾಖಲೆ ತೆರೆಯುವುದಿಲ್ಲ ಎಂದರು. ಇತ್ಯರ್ಥ ಮಾಡಬೇಕಾದ ಕ್ಲಾರ್ಕನನ್ನು ಬೇರೆ ಕಡೆ ಡ್ಯೂಟಿಗೆ ಹಾಕಿದ್ದರು. ರಿಪೋರ್ಟ್ ಎರಡೂ ಊರಿನ ಕಂಪ್ಯೂಟರಿನಲ್ಲಿತ್ತು. ಓದಬೇಕಾದ ಡಾಕ್ಟರಿಗೆ ಮಾತ್ರ ಸಿಗಲಿಲ್ಲ. ಕಡೆಗೆ ಅವರು ಹೊಸದಾಗಿ ತುಣುಕು ತೆಗೆಯಲು ಬರೆದುಕೊಟ್ಟರು. ಅದಕ್ಕೆ ಪಾಳಿ, ಪಾಳಿಯ ಹಿಂದೆ ಇನ್ನೊಂದು ಪಾಳಿ. ಅಷ್ಟರಲ್ಲಿ ಮೌಶಿಗೆ ಬೆನ್ನು ನೋವು ಶುರುವಾಯಿತು.

ಹೊಸ ರಿಪೋರ್ಟ್ ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದರು. ರೋಗ ಎಲುಬಿಗೆ ಹೋಗಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ, ನೋವಿಗೆ ಔಷಧ ಕೊಡುತ್ತೇವೆ ಎಂದರು. ಮೊದಲೇ ಗೊತ್ತಾಗಿದ್ದರೆ? ಕೇಳಿದೆ. ಅವರು ಔಷಧದ ಚೀಟಿ ನನ್ನ ಕೈಗಿಟ್ಟರು. ಏನಾದರೂ ಹೇಳಿದ್ದರೂ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಮಾಮಾನ ಮೊಬೈಲಿಗೆ ಮರಾಠಿಯಲ್ಲಿ ಮೆಸೇಜ್ ಬಂತು: ನಿಮ್ಮ ಎರಡೂ ದಾಖಲೆಗಳನ್ನು ಒಂದುಗೂಡಿಸಲಾಗಿದೆ.

"ಏನ್ ಬಂತ?" ಮಲಗಿದ್ದಲ್ಲಿಂದಲೇ ಮೌಶಿ ಕೇಳಿದಳು. ಮಾಮಾ ಮೊಬೈಲನ್ನು ನನ್ನ ಕಡೆ ಚಾಚಿದ. ನಾನೇ ಓದಿ ಹೇಳಿದೆ.

ಅವಳು ನಕ್ಕಳೆಂದು ನನ್ನ ನೆನಪು. ಗೋಡೆಯ ಕಡೆ ಹೊರಳಿದಳು, ಅಷ್ಟೇ, ಎನ್ನುತ್ತಾನೆ ಮಾಮಾ. ಅವಳನ್ನೇ ಕೇಳಬಹುದಿತ್ತು. ಆಗ ಕೇಳಲಿಲ್ಲ. ಈಗ ಯಾವ ಹೆಸರಿನಿಂದ ಕರೆದರೂ ಅವಳು ಓಗೊಡುವುದಿಲ್ಲ.