ಪಡಸಾಲೆಗೆ ಬಂದ ಲೇತು

ಮದುವೆಯಾಗಿ ಕುಕ್ಕುವಾಡದಿಂದ ದಾವಣಗೆರೆಗೆ ಬಂದ ಹೊಸದು. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಅನ್ನುವುದೇ ನನಗಿನ್ನೂ ಸರಿಯಾಗಿ ಗೊತ್ತಿರಲಿಲ್ಲ. ಅಂಥದ್ದರಲ್ಲಿ ಒಂದು ದಿನ ಮನೆ ಮುಂದೆ ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯ ಮೇಲೆ ಗೋಣಿಚೀಲ ಹೊದಿಸಿದ ಉದ್ದನೆಯದೇನೋ ಮಲಗಿತ್ತು. ನಮ್ಮ ಯಜಮಾನರು ಗಾಡಿಯ ಹಿಂದೆಯೇ ಸೈಕಲ್ ತಳ್ಳಿಕೊಂಡು ನಡೆದು ಬಂದಿದ್ದರು. ಮುಖವೆಲ್ಲ ಧೂಳು, ಧೂಳಿನೊಳಗೆ ನಗು.

ಅದು ಲೇತು. ಗುತ್ತೂರಿನ ಹತ್ತಿರ ಮುಚ್ಚಿಹೋಗಿದ್ದ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತಂತೆ. ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಇವರು ಅದನ್ನು ಹೇಗೋ ಸಂಪಾದಿಸಿದ್ದರು. ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಚೌಕಟ್ಟಿನ ಪಕ್ಕದ ಗೋಡೆ ಒಡೆದು ಪಡಸಾಲೆಗೆ ತಂದಿಟ್ಟರು. ನಮ್ಮತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅದರ ಸುತ್ತ ಒಂದು ಸುತ್ತು ಬಂದರು.

“ಇದು ಏನ್ ಮಾಡ್ತೈತೋ?”

“ಕಬ್ಬಿಣದ ಸರಳು ಹಿಡಿದು ತಿರುಗಿಸ್ತೈತಮ್ಮ. ಉಳಿ ಕೊಟ್ರೆ ಅದನ್ನ ಬೇಕಾದ ಅಳತೆಗೆ ಹೆರೀತೈತೆ. ಏನ್ ಬೇಕಾದ್ರೂ ಮಾಡಬೋದು.”

“ರೊಟ್ಟಿ ಮಾಡ್ತೈತೇನು?” ಅಂದವರೇ ಅತ್ತೆ ಒಳಗೆ ಹೋಗಿ ಕುಂಕುಮ ತಂದು ಅದರ ಹಣೆಗೆ ಹಚ್ಚಿದರು. ಹಣೆ ಅಂದುಕೊಂಡದ್ದು ಅದರ ಬಾಲ ಎಂದು ಇವರು ಹೇಳಲಿಲ್ಲ. ನನಗಂತೂ ಎರಡೂ ತಿಳಿಯಲಿಲ್ಲ.

ಮುಂದಿನ ದಿನಗಳಲ್ಲಿ ಗೊಂದಲ ಇನ್ನೂ ಹೆಚ್ಚಿತು. ಇವರು ಗಿರಣಿಯಿಂದ ಬಂದವರೇ ಲೇತಿನ ಮುಂದೆ ಕೂತು ಒಂದೊಂದು ಭಾಗ ಬಿಚ್ಚುವರು, ಸೀಮೆಎಣ್ಣೆಯಲ್ಲಿ ತೊಳೆಯುವರು, ಮತ್ತೆ ಜೋಡಿಸುವರು. ಸವೆದ ತಿರುಪಿನ ಬದಲು ಹೊಸ ತಿರುಪು ಬೇಕು. ಅದನ್ನು ಮಾಡಲು ಲೇತು ಬೇಕು. ಲೇತು ತಿರುಗಬೇಕಾದರೆ ಆ ತಿರುಪು ಬೇಕು. ಇದನ್ನು ಇವರು ನನಗೆ ಬಹಳ ಖುಷಿಯಿಂದ ವಿವರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ ಆ ತಿರುಪನ್ನು ಗಿರಣಿಯಲ್ಲೇ ಮಾಡಿಸಿಕೊಂಡು ಬಂದರು.

ಜಿನ್ನಿನಲ್ಲಿ ಅದನ್ನು ಓಡಿಸಲು ಚಾವಣಿಯಲ್ಲಿ ತಿರುಗುವ ದೊಡ್ಡ ಕಬ್ಬಿಣದ ದಂಡಿಗೆಯಿಂದ ಪಟ್ಟಿ ಇಳಿಬಿಟ್ಟಿದ್ದರಂತೆ. ನಮ್ಮ ಚಾವಣಿಯಲ್ಲಿ ಇದ್ದದ್ದು ಜಂತಿ, ಜೇಡರಬಲೆ. ಮೋಟಾರು ಸಿಕ್ಕಿರಲಿಲ್ಲ. ಅದಕ್ಕೆ ಇವರು ಮೇವು ಕತ್ತರಿಸುವ ಯಂತ್ರದ ಭಾರದ ಚಕ್ರವೊಂದನ್ನು ತಂದು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ಅದರಿಂದ ಲೇತಿಗೆ ತೊಗಲಿನ ಪಟ್ಟಿ ಹಾಕಿದರು. ಚಕ್ರಕ್ಕೆ ಒಂದು ಹಿಡಿ ಇತ್ತು. ಹಿಡಿ ಹಿಡಿದು ತಿರುಗಿಸುವವರು ಯಾರು?

“ನೀ ಒಂಚೂರು ತಿರುಗಿಸ್ತೀಯೇನು?” ಅಂದರು.

ಆ ಒಂಚೂರು ತಿಂಗಳುಗಟ್ಟಲೆ ನಡೆಯಿತು. ಮೊದಮೊದಲು ರಟ್ಟೆ ಬಿದ್ದುಹೋಗುತ್ತಿತ್ತು. ಆಮೇಲೆ ಚಕ್ರದ ಓಟ ಕೈಗೆ ಹತ್ತಿತು. ಉಳಿ ಕಬ್ಬಿಣಕ್ಕೆ ತಾಗಿದ್ದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಇವರು ಹೆಚ್ಚು ಒತ್ತಿದರೆ ಚಕ್ರ ಮುನಿಸಿಕೊಂಡಂತೆ ಭಾರವಾಗುತ್ತಿತ್ತು. “ಜಾಸ್ತಿ ಆತು ನೋಡ್ರಿ” ಅಂದರೆ ಇವರು ಉಳಿ ಹಿಂದೆ ತೆಗೆಯುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದೆಂದರೆ ಇಷ್ಟೇ. ಇದು ಸಂಸಾರವೋ ಕೂಲಿಯೋ ಎಂದು ನಾನು ಒಮ್ಮೊಮ್ಮೆ ಯೋಚಿಸುತ್ತಿದ್ದೆ; ಯೋಚಿಸುವಷ್ಟರಲ್ಲಿ ಕಬ್ಬಿಣದ ಸುರುಳಿಗಳು ನೆಲದ ಮೇಲೆ ಬಿದ್ದಿರುತ್ತಿದ್ದವು, ಗುಡಿಸಬೇಕಾಗುತ್ತಿತ್ತು.

ಗಿರಣಿಗೆ ರಜೆಯಿದ್ದ ಒಂದು ಮಧ್ಯಾಹ್ನ ನಮ್ಮಪ್ಪ ಬಂದ. ಸಂತೆಗೆ ಬಂದವನು ಮಗಳಿಗೆಂದು ಅವರೆಕಾಯಿ ಗಂಟು ಹೊತ್ತು ಬಾಗಿಲಲ್ಲಿ ನಿಂತ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರಿಳಿಸುತ್ತ ನಾನು ಚಕ್ರ ತಿರುಗಿಸುತ್ತಿದ್ದೆ. ಅಪ್ಪ ಗಂಟನ್ನು ಇಳಿಸಲೇ ಇಲ್ಲ.

“ಏನ್ರೀ ಅಳಿಯಂದಿರೇ, ನನ್ನ ಮಗಳನ್ನ ಗಾಣದ ಎತ್ತು ಮಾಡೀರೇನು?”

ಇವರು ತಡಬಡಿಸಿ ಎದ್ದರು. “ಹಂಗಲ್ಲ ಮಾವ, ಕೂಡ್ರಿ... ಮೋಟಾರು ಬರೋತನಕ ಅಷ್ಟೆ...”

“ಬೀಗರೇ, ಒಳಗೆ ಬರ್ರಿ, ನೀರು ಕುಡೀರಿ” ಎಂದು ಅತ್ತೆ ಕರೆದರೂ ಅಪ್ಪ ಕೇಳಲಿಲ್ಲ. ನನ್ನ ಕಡೆ ತಿರುಗಿ, “ಬಾರವ್ವ, ನಾಕ್ ದಿನ ಊರಾಗಿರು” ಅಂದ.

ಹೂಂ ಅಂದೆನೋ ಉಹೂಂ ಅಂದೆನೋ ನೆನಪಿಲ್ಲ. ಸೀರೆ ಬದಲಿಸಿಕೊಂಡು ಅಪ್ಪನ ಹಿಂದೆ ಹೋಗಿ ಗಾಡಿ ಹತ್ತಿದೆ. ಇವರು ಬಾಗಿಲಲ್ಲಿ ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದರು.

ಊರಲ್ಲಿ ನೀರಿಗೆ ಹೋದರೆ ಹೆಂಗಸರು ಕೇಳುವರು: “ಯಾಕ ಬಂದೀಯವ್ವ? ಹಬ್ಬಾನೂ ಇಲ್ಲ, ಬಸುರೂ ಅಲ್ಲ.” ನನಗೇ ಗೊತ್ತಿದ್ದರೆ ತಾನೇ ಹೇಳುವುದು. ಗಂಡನನ್ನು ಬಿಟ್ಟು ಬಂದಿದ್ದೆನೋ, ನಾಲ್ಕು ದಿನ ಇರಲು ಬಂದಿದ್ದೆನೋ? ಅಪ್ಪನನ್ನು ಕೇಳೋಣವೆಂದರೆ ಅವನು ಹೊಲಕ್ಕೆ ಬೇಗ ಹೋಗಿ ತಡವಾಗಿ ಬರುತ್ತಿದ್ದ. ಬೀಸುಕಲ್ಲಿನ ಮುಂದೆ ಕೂತರೆ ಮಾತ್ರ ಕೈಗೆ ಸಮಾಧಾನ. ಅಮ್ಮ ನೋಡಿ, “ಅಲ್ಲಿ ತಿರುಗಿಸಿದ್ದು ಸಾಲದೇನೇ?” ಅಂದಳು. ನನಗೆ ಅಳು ಬಂತು. ಗಂಡ ನೆನಪಾಗಿ ಬಂತೋ ಚಕ್ರ ನೆನಪಾಗಿ ಬಂತೋ, ಈ ವಯಸ್ಸಿನಲ್ಲೂ ಬಿಡಿಸಿ ಹೇಳಲಾರೆ.

ಆಮೇಲೊಂದು ದಿನ ಇವರೇ ಸೈಕಲ್ ಮೇಲೆ ಬಂದರು. ಕಟ್ಟೆಯ ಮೇಲೆ ಅಪ್ಪನ ಎದುರು ಕೂತು, ನನ್ನನ್ನು ನೋಡದೆಯೇ ಹೇಳಿದರು: “ಹರಿಹರದಿಂದ ಮೋಟಾರು ತಂದು ಹಾಕೀನಿ. ಇನ್ನ ಆಕಿ ತಿರುಗಿಸೋದು ಬ್ಯಾಡ.” ಅಪ್ಪ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡು “ಕರ್ಕೊಂಡು ಹೋಗ್ರಿ” ಅಂದ.

ಮನೆಗೆ ಬಂದು ನೋಡಿದರೆ ಚಕ್ರ ಹಿತ್ತಲಿನಲ್ಲಿ ಗೋಡೆಗೆ ಒರಗಿತ್ತು. ಮೋಟಾರನ್ನು ಪಡಸಾಲೆಯ ಗೋಡೆಗೆ ಬಿಗಿದಿದ್ದರು. ಗುಂಡಿ ಒತ್ತಿದರೆ ಲೇತು ಗುಂಯ್ ಎಂದು ತಾನಾಗಿಯೇ ತಿರುಗಿತು. ನಾನು ಸಂತೋಷಪಡಬೇಕಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಡಿದು ನಿಂತೆ.

ಆದರೆ ಇವರ ಮುಖದಲ್ಲೂ ಸಂತೋಷವಿರಲಿಲ್ಲ. ಹೆರೆದ ಸರಳನ್ನು ನನ್ನ ಕೈಗೆ ಕೊಟ್ಟು, “ಮುಟ್ಟಿ ನೋಡು” ಅಂದರು. ಮೈಮೇಲೆಲ್ಲ ಸಣ್ಣ ಸಣ್ಣ ಅಲೆ, ಗಾಳಿ ಬಂದಾಗ ಕೆರೆಯಲ್ಲಿ ಏಳುವಂಥದ್ದು.

“ನೀ ತಿರುಗಿಸುವಾಗ ಕನ್ನಡಿ ಹಂಗೆ ಬರ್ತಿತ್ತು. ಈಗ ಯಾಕ ಹಿಂಗೆ ಅಂತ ತಿಳಿವಲ್ದು.”

ಉಳಿಗೆ ಸಾಣೆ ಹಿಡಿದರು, ಅಲೆ ಹೋಗಲಿಲ್ಲ. ಬೇರಿಂಗು ಬಿಗಿ ಮಾಡಿದರೆ ಅದು ಬಿಸಿಯಾಗಿ ಲೇತು ತಿರುಗದೆ ನಿಂತುಬಿಟ್ಟಿತು; ಸಡಿಲ ಮಾಡಿದರೆ ಅಲೆ ಇನ್ನೂ ದೊಡ್ಡದಾಯಿತು. ಗಿರಣಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುವರು. ಕೊನೆಗೆ ಇವರು ನೆಲದ ಮೇಲೆ ಮಲಗಿ ಲೇತಿನ ಕಾಲಿಗೆ ಕಿವಿಯಿಟ್ಟು ಕೇಳತೊಡಗಿದರು. ಅವರು ಕೇಳುತ್ತಿರುವಾಗ ಉಳಿಯನ್ನು ಮುಂದೆ ನಡೆಸಲು ಯಾರಾದರೂ ಬೇಕಲ್ಲ!

“ಉಳಿ ನಡೆಸೋ ಆ ಸಣ್ಣ ಚಕ್ರ ಹಿಡ್ಕ. ಮೆಲ್ಲಕ ತಿರುಗಿಸ್ತಾ ಹೋಗು. ನಿಲ್ಲಿಸಬ್ಯಾಡ.”

ಹೀಗೆ ನಾನು ಲೇತಿನ ಆಚೆ ಬದಿಯಿಂದ ಈಚೆ ಬದಿಗೆ ಬಂದೆ. ಕಲಿಸಬೇಕೆಂದು ಅವರು ಕಲಿಸಲಿಲ್ಲ, ಕಲಿಯಬೇಕೆಂದು ನಾನೂ ಕಲಿಯಲಿಲ್ಲ. ಅವರು ನೆಲದಲ್ಲಿ ಮಲಗಿ “ಈಗ? ಈಗ ಹೆಂಗೈತೆ?” ಎಂದು ಕೂಗುವರು, ನಾನು ಮೇಲಿನಿಂದ “ಹಂಗೇ ಐತ್ರೀ” ಅನ್ನುವೆ. ಅತ್ತೆ ಅಡುಗೆಮನೆಯಿಂದ ಇಣುಕಿ, ಮಗ ಕೆಳಗೆ, ಸೊಸೆ ಮೇಲೆ ಇರುವುದನ್ನು ಕಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿಂದಕ್ಕೆ ಹೋಗುವರು.

ಒಂದು ಭಾನುವಾರ ಇವರಿಗೆ ರೇಗಿಹೋಯಿತು. ಮೋಟಾರನ್ನು ಗೋಡೆಯಿಂದ ಕಿತ್ತು ನೆಲದಲ್ಲಿ ಬೇರೆ ಕಲ್ಲು ಹೂಳಿ ಅದರ ಮೇಲೆ ಕೂರಿಸಿದರು. ಪಟ್ಟಿಯನ್ನು ಜೋಡಿಸಿದ್ದ ಕಬ್ಬಿಣದ ಕೊಂಡಿ ತೆಗೆದು ತೊಗಲಿನ ದಾರದಿಂದ ಹೊಲಿದರು. ಲೇತಿನ ಕಾಲುಗಳ ಕೆಳಗೆ ಸೀಸದ ತಗಡು ಹಾಕಿದರು. ಸಂಜೆ ನಾನು ಉಳಿ ಕೊಟ್ಟೆ. ಸರಳು ನುಣ್ಣಗೆ ಬಂತು.

“ಯಾವುದರಿಂದ ಸರಿ ಆತ್ರೀ?”

ಇವರು ಮೂರನ್ನೂ ನೋಡಿದರು. “ಒಂದೊಂದಾಗಿ ತಿರುಗಿ ಮೊದ್ಲಿನಂಗೆ ಮಾಡಿದ್ರೆ ಗೊತ್ತಾಗ್ತೈತೆ,” ಅಂದರು. ಆಮೇಲೆ ಮೆಲ್ಲಗೆ, “ಬ್ಯಾಡ, ಬಿಡು” ಅಂದರು.

ಅದೇ ವರ್ಷ ಇವರಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಬೆಳಗಿನ ರೈಲಿಗೆ ಹೋದರೆ ಸಂಜೆಗೆ ಮನೆ. ಹಗಲೆಲ್ಲ ಲೇತು ಸುಮ್ಮನೆ ನಿಂತಿರುತ್ತಿತ್ತು. ಒಂದು ದಿನ ಒರೆಸುತ್ತ ಇದ್ದವಳು ಯಾಕೋ ಗುಂಡಿ ಒತ್ತಿದೆ. ಹಳೆಯ ಸರಳೊಂದನ್ನು ಹೆರೆಯುತ್ತಿರುವಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹಿಟ್ಟಿನ ಗಿರಣಿಯ ಮಾಲೀಕ. ಕೈಯಲ್ಲಿ ಸವೆದುಹೋದ ಹಿತ್ತಾಳೆಯ ಬುಷ್, ಅಂದರೆ ದಂಡಿಗೆ ತಿರುಗಲು ಹಾಕುವ ಬಳೆ.

“ಯಜಮಾನ್ರು ಅದಾರೇನ್ರೀ?”

“ಇಲ್ರೀ, ಹರಿಹರಕ್ಕೆ ಹೋಗ್ಯಾರೆ.”

“ಮತ್ತೆ ಮಿಷನ್ ಸದ್ದು ಕೇಳ್ತು?”

“ಒಳಗೆ ಬರ್ರಿ” ಅಂದೆ. ಗಿರಣಿ ನಿಂತು ಊರ ಕಾಳೆಲ್ಲ ಕಾಯುತ್ತಿದೆಯೆಂದು ಅವರು ಒಂದೇ ಸಮನೆ ಹೇಳುತ್ತಿದ್ದರು. ಇವರು ಇಟ್ಟಿದ್ದ ಹಿತ್ತಾಳೆಯ ತುಂಡು ತೆಗೆದು ಹೆರೆದು, ನಡುವೆ ತೂತು ಕೊರೆದೆ. ತೂತು ದೊಡ್ಡದಾಗಿ ಕೆಟ್ಟಿತು. “ಇದು ಕೆಡ್ತು ನೋಡ್ರಿ” ಎಂದು ಹೇಳಿ ಇನ್ನೊಂದು ತೆಗೆದುಕೊಂಡೆ. ಅದು ಅಳತೆಗೆ ಸರಿಯಾಗಿ ಬಂತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ನೋಡಿ, ಜೇಬಿಗೆ ಹಾಕಿಕೊಂಡು ಹೋದರು.

ಸಂಜೆ ಇವರಿಗೆ ಹೇಳಿದೆ. ಕೆಟ್ಟ ತುಂಡನ್ನೇ ತಿರುಗಿಸಿ ತಿರುಗಿಸಿ ನೋಡಿ, “ಮೊದಲು ಸಣ್ಣ ತೂತು ಕೊರೀಬೇಕಿತ್ತು” ಅಂದರು. ಬೈದದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಹಿಟ್ಟಿನ ಗಿರಣಿಯವರು ಮತ್ತೆ ಬಂದರು, ಈ ಸಲ ಬಾಗಿದ ದಂಡಿಗೆ ಹೊತ್ತು. ಬಾಗಿಲಿಗೆ ಇವರೂ ಬಂದರು, ನಾನೂ ಬಂದೆ. ದಂಡಿಗೆಯನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅವರು ನಡುವೆ ಹಿಡಿದು ನಿಂತರು. ಇವರು ಕೈ ಚಾಚಲಿಲ್ಲ, ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಅದನ್ನು ಕಸಿದುಕೊಂಡಂತೆ ತೆಗೆದುಕೊಂಡು ಗೋಡೆಗೆ ಒರಗಿಸಿ, “ಭಾರ ಹೊತ್ಕೊಂಡು ಎಷ್ಟೊತ್ತು ನಿಂದರ್ತೀರಿ, ಕೂಡ್ರಿ, ಚಾ ನಾ ಮಾಡ್ತೀನಿ” ಅಂದರು.