ರಾಕ್ಷಸನಿಗೆ ಊಟ ಆಯಿತೇ?

ಕನ್ನಡಕದಂಗಡಿಯ ಯಜಮಾನರಿಗೆ ಜಗತ್ತಿನಲ್ಲಿ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೌಂಟರಿಗೆ ಮೊಣಕೈ ಊರಿ, ಟವೆಲ್ ಮಡಚುವ ಕ್ರಮದಿಂದ ಹಿಡಿದು ಪಕ್ಕದ ಮನೆಯವರನ್ನು ಕಂಡರೆ ಎಷ್ಟು ನಗಬೇಕೆಂಬುದರವರೆಗೆ ಎಲ್ಲವನ್ನೂ ಫೋನಿನಲ್ಲಿ ಬರೆದು ಹಾಕುತ್ತಿದ್ದರು. ಈಚೆಗೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕಥೆಯಾಟದ ಮೇಲೆ ಅವರ ಕಣ್ಣು ಬಿದ್ದಿತ್ತು. ಒಮ್ಮೆಯೂ ಆಡಿದವರಲ್ಲ. ಆದರೂ 'ಕಥೆ ನಡೆಸುವವನು ಆಟಗಾರರನ್ನು ಹದ್ದುಬಸ್ತಿನಲ್ಲಿಡಬೇಕು' ಎಂದು ಬರೆದು ಭರ್ಜರಿ ಮೆಚ್ಚುಗೆ ಗಿಟ್ಟಿಸಿದ್ದರು.

ಅದನ್ನು ಓದಿದ ಅವರ ಹೆಂಡತಿಯ ತಂಗಿ ಭಾನುವಾರ ದಾಳಗಳ ಸಮೇತ ಮನೆಗೆ ಬಂದಿಳಿದಳು.

"ಭಾವ, ಇವತ್ತು ನೀವೇ ಕಥೆ ನಡೆಸಿ. ನಾನು, ಅಕ್ಕ ಆಡ್ತೀವಿ."

ಭಾವ ಗಂಟಲು ಸರಿಮಾಡಿಕೊಂಡು, ಕಥೆಯಲ್ಲಿ ಅವರಿಬ್ಬರು ದಾಟಬೇಕಾದ ಸೇತುವೆಗೆ ಅಡ್ಡಲಾಗಿ ಭೀಕರ ರಾಕ್ಷಸನೊಬ್ಬನನ್ನು ನಿಲ್ಲಿಸಿದರು. ಹೆಂಡತಿ ಕತ್ತಿ ಎತ್ತಲಿಲ್ಲ.

"ಪಾಪ, ಊಟ ಆಯ್ತಾ ಅಂತ ಕೇಳ್ತೀನಿ."

"ರಾಕ್ಷಸನ ಹತ್ರ ಹಾಗೆಲ್ಲ ಕೇಳೋ ಹಾಗಿಲ್ಲ ಕಣೇ!"

"ಯಾವ ನಿಯಮದಲ್ಲಿದೆ?"

ಯಜಮಾನರು ನಿಯಮ ಹುಡುಕಲು ಫೋನಿಗೆ ಕೈಹಾಕಿದರು. ಅಷ್ಟರಲ್ಲಿ ಹೆಂಡತಿ, ರಾಕ್ಷಸ ಮಾತಿಗೆ ಬರುತ್ತಾನೋ ಇಲ್ಲವೋ ನೋಡೋಣವೆಂದು ದಾಳ ಎಸೆದೇಬಿಟ್ಟಳು, ಆರು ಬಿತ್ತು.

"ಗೆದ್ವಿ! ಈಗ ರಾಕ್ಷಸ ಉತ್ತರ ಕೊಡ್ಬೇಕು, ಭಾವ. ಅವನ ದನಿಯಲ್ಲೇ."

ಯಜಮಾನರು ಸುತ್ತಮುತ್ತ ನೋಡಿದರು, ಬೆವರೊರೆಸಿಕೊಂಡರು. ಕೊನೆಗೆ ದಪ್ಪ ದನಿಯಲ್ಲಿ, "ಇಲ್ಲಮ್ಮ. ನನ್ನನ್ನ ಕಂಡ್ರೆ ಎಲ್ರೂ ಓಡಿಹೋಗ್ತಾರೆ, ಯಾರು ಬಡಿಸ್ತಾರೆ?" ಎಂದರು.

ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕರು. ಹುರುಪೇರಿದ ಯಜಮಾನರು ರಾಕ್ಷಸನ ತಲೆಯ ಮೇಲೆ ಅವರಿಬ್ಬರ ಗಂಟುಮೂಟೆ ಹೊರಿಸಿ, ತಾವೇ ಸೇತುವೆ ದಾಟಿಸಿಕೊಟ್ಟರು.