ಅಣ್ಣನನ್ನು ಕಟ್ಟದೆ ಕರೆತಂದದ್ದು

ನಿಜಾಮರ ರಾಜ್ಯ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಅಣ್ಣನ ತಲೆ ಮಾತ್ರ ಅದಕ್ಕೂ ಮೊದಲೇ ಕೆಟ್ಟಿತ್ತು. ಯಾರೂ ಆಡದ ಮಾತುಗಳು ಅವನ ಕಿವಿಗೆ ಬೀಳುತ್ತಿದ್ದವು. ಗಲಾಟೆಯ ಕಾಲಕ್ಕೆ ಅವನನ್ನು ಹೊಳೆಯಾಚೆ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದೆವು. ಮಾವ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದಾನೆಂಬ ಸುದ್ದಿ ಬಂದದ್ದೇ ಅವ್ವ ನನ್ನನ್ನೂ ಎಳೆದುಕೊಂಡು ಹೋದಳು, ಹಗ್ಗ ಬಿಚ್ಚಿದಳು, ಇನ್ನು ಇವನ ಮೈಗೆ ಹಗ್ಗ ತಾಕಕೂಡದು ಎಂದಳು. ಅವಳೇನೋ ಅಂದುಬಿಟ್ಟಳು. ಅಂಜಿ ಸಾಯುವವಳು ನಾನು.

ನಮ್ಮ ದಂಡೆಯ ತಿಂಥಣಿಗೆ ದಾಟುವ ಹರಿಗೋಲಿನ ಹತ್ತಿರ ಅಂಬಿಗ ಅಡ್ಡ ನಿಂತ. “ಕೈಕಾಲು ಕಟ್ಟಿ ಕೂಡಸ್ರಿ.”

“ಕಟ್ಟಂಗಿಲ್ಲ. ಹರಗೋಲ ಮಗಚಿದ್ರ ಅವ ಈಸಬೇಕಲ್ಲ?” ಎಂದಳು ಅವ್ವ.

“ಮಗಚೋ ಮಾತು ಆಡಬ್ಯಾಡ ಯವ್ವಾ. ಹತ್ತು.”

ಜಾಗ ಇದ್ದದ್ದು ಬಳೆ ಮಾರುವ ಸಾಬರ ಮುದುಕಿಯ ಪಕ್ಕದಲ್ಲಿ ಮಾತ್ರ. ಅವಳ ಕೈಯಿಂದ ಬಳೆ ಇಡಿಸಿಕೊಳ್ಳದ ಹೆಣ್ಣು ನಮ್ಮ ಸೀಮೆಯಲ್ಲೇ ಇರಲಿಲ್ಲ. ಆದರೂ ಆ ದಿನ ಅವಳ ಪಕ್ಕ ಯಾರೂ ಕೂತಿರಲಿಲ್ಲ. ಸೆರಗು ಮುಖದ ಮೇಲೆಳೆದುಕೊಂಡು ಮುದುಡಿ ಕೂತಿದ್ದಳು. ನಿಜಾಮರ ರಾಜ್ಯ ಹೋದ ಮೇಲೆ ಅವರ ಜನ ಒಂಟಿಯಾಗಿ ದಾರಿ ನಡೆಯಲು ಹೆದರುತ್ತಿದ್ದರು, ಹೆದರುವಂಥದ್ದು ನಡೆದೂ ಇತ್ತು.

ನಡುಹೊಳೆಯಲ್ಲಿ ಅಣ್ಣ ಧಡಕ್ಕನೆ ಎದ್ದು ನಿಂತ. ಹರಿಗೋಲು ವಾಲಿ ನೀರು ಒಳಗೆ ನುಗ್ಗಿತು. “ಕೆಡವ್ರಿ ಅವನ್ನ” ಎಂದು ಯಾರೋ ಕೂಗಿದರು, ಅಂಬಿಗ ಹುಟ್ಟು ಎತ್ತಿದ. ಅಷ್ಟರಲ್ಲಿ ಮುದುಕಿ ಅಣ್ಣನ ಬಿಗಿದ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಳೆ ಏರಿಸುವ ಮೊದಲು ಹುಡುಗಿಯರ ಕೈ ಮಿದುವಂತೆ ಮಿದತೊಡಗಿದಳು.

“ಕೈ ಸಡ್ಲ ಬಿಡು ಬೇಟಾ. ಅಂಜಿಕಿ ಆಗ್ತದೇನು? ನನಗೂ ಭಾಳ ಆಗ್ಯಾದ. ಕುಂದ್ರು, ಇಬ್ಬರೂ ಕೂಡಿ ಅಂಜೋಣು.”

ಅಣ್ಣ ಕೂತ. ಅವನಿಗೂ ಅಂಜಿಕೆ ಆಗುತ್ತದೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ದಂಡೆಗಿಳಿದರೂ ಅವನು ಮುದುಕಿಯ ಕೈ ಬಿಡಲಿಲ್ಲ. ಅವಳ ಊರಿನ ಹಾದಿ ಬೇರೆ. “ಅವ ಬಿಡಂಗ ಕಾಣವಲ್ಲ. ನಿಮ್ಮ ಮನಿ ತನಾ ಬರ್ತೀವ್ರಿ” ಎಂದಳು ಅವ್ವ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಬೇಲಿ ಮೇಲೆ ಹೋಗುವ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಳ್ಳುವುದೆಂದರೆ ಇದೇ ಅನ್ನಿಸಿತು.

ಹಾದಿಯ ಹುಣಸೆಮರದಡಿ ಬಡಿಗೆ ಹಿಡಿದ ನಾಲ್ಕಾರು ಗಂಡಸರು ಕೂತಿದ್ದರು. ಮುದುಕಿಯನ್ನು ಕಂಡು ಎದ್ದು ನಿಂತರು. ಅವ್ವನ ನಡಿಗೆ ನಿಧಾನವಾಯಿತು. ಅಣ್ಣ ಮಾತ್ರ ತನ್ನಷ್ಟಕ್ಕೆ ಜೋರಾಗಿ ಮಾತಾಡುತ್ತ, ಮುದುಕಿಯನ್ನು ಎಳೆದುಕೊಂಡು ನೇರ ಅವರತ್ತಲೇ ನಡೆದ.

“ಏ, ಹುಚ್ಚ ಅದಾನ ಅಂವ” ಎಂದ ಒಬ್ಬ. “ದೂರ ಸರೀರಿ.”

ಅವರು ಸರಿದರು. ಬೆಳಗಿನಿಂದ ಅಣ್ಣನಿಂದ ದೂರ ದೂರ ನಡೆಯುತ್ತಿದ್ದ ನಾನು ಓಡಿಹೋಗಿ ಅವನ ಇನ್ನೊಂದು ಕೈ ಹಿಡಿದೆ. ಅದು ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.